ಜಂಗಮವಾಣಿಯ ಕುರಿತು ಜನವಾಣಿ: ತೆಕ್ಕಟ್ಟೆಯ ಕೇಳುಗರ ಅಭಿಪ್ರಾಯಗಳು

ಶಬ್ದವು ಆಕಾಶದ ಗುಣವೆಂಬುದು ತಾರ್ಕಿಕರ ಸಿದ್ಧಾಂತ. ಹುಟ್ಟಿದ ಎಡೆಯಿಂದ ಅದು ಕಿವಿಯವರೆಗೆ ಬರುವ ಬಗೆಯನ್ನು ವಿವರಿಸುವಾಗ ಅವರು ಎರಡು ದೃಷ್ಟಾಂತಗಳನ್ನು ಕೊಡುವರು. ಕೊಳದಲ್ಲಿ ಕಲ್ಲು ಬಿದ್ದಾಗ ಅಲೆಯಿಂದ ಅಲೆ ಹುಟ್ಟಿ ದಡವನ್ನು ಮುಟ್ಟುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಮೊಗ್ಗು ಏಕಕಾಲಕ್ಕೆ ಎಲ್ಲ ದಿಕ್ಕಿಗೂ ಅರಳುವಂತೆ ಎಂಬುದು ಕದಂಬಮುಕುಲ ನ್ಯಾಯ. ಎಲ್ಲಿಯೋ ದೂರದ ಗಣಕಕೋಠಿಯಲ್ಲಿ ಇಟ್ಟ ಒಂದೇ ಹಾಡು ಒಂದೇ ಕ್ಷಣದಲ್ಲಿ ಲಕ್ಷಾಂತರ ಅಂಗೈಗಳಲ್ಲಿ ಅರಳುವ ಇಂದಿನ ವ್ಯವಸ್ಥೆಯನ್ನು ಆ ಪ್ರಾಚೀನರು ಕಂಡಿದ್ದರೆ, ಎರಡನೆಯ ನ್ಯಾಯಕ್ಕೆ ಇದಕ್ಕಿಂತ ಹಿತವಾದ ಉದಾಹರಣೆಯನ್ನು ಹುಡುಕಲು ಹೋಗುತ್ತಿರಲಿಲ್ಲ.

ಈ ಅಂಗೈಯಂತ್ರಕ್ಕೆ ಕನ್ನಡದಲ್ಲಿ ಹಲವು ಹೆಸರುಗಳು ಹುಟ್ಟಿಕೊಂಡವು. ಸಂಚಾರಿ ದೂರವಾಣಿ, ಚರವಾಣಿ, ಜಂಗಮವಾಣಿ ಎಂಬವು ಲಗ್ನಪತ್ರಿಕೆಗಳ ಕೆಳಅಂಚಿನಲ್ಲಿ ಇಂದಿಗೂ ಕಾಣಸಿಗುತ್ತವೆ. ಬಾಯಿಮಾತಿನಲ್ಲಿ ಮಾತ್ರ ಅದು ಮೊಬೈಲು, ಇಲ್ಲವೇ ಬರಿಯ ಫೋನು. ಆದರೂ ಜಂಗಮವಾಣಿ ಎಂಬ ಶಬ್ದವನ್ನು ಟಂಕಿಸಿದವರ ಕಿವಿ ಚೆನ್ನಾಗಿತ್ತೆಂದೇ ಹೇಳಬೇಕು. ಸ್ಥಾವರ-ಜಂಗಮಗಳ ಭೇದವನ್ನು ಎಂಟುನೂರು ವರ್ಷಗಳಿಗೂ ಮಿಗಿಲಾಗಿ ಮನನ ಮಾಡಿಕೊಂಡು ಬಂದ ನಾಡಿನಲ್ಲಿ, ಗೋಡೆಗೆ ತಂತಿ ಬಿಗಿದುಕೊಂಡಿದ್ದ ದೂರವಾಣಿಯು ಸ್ಥಾವರವೆಂದೂ ಅಂಗಿಯ ಜೇಬಿನಲ್ಲಿ ನಡೆಯುವ ಈ ವಾಣಿಯು ಜಂಗಮವೆಂದೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಸಲ್ಲುವಷ್ಟು ಗುಣವೂ ಸಲ್ಲುವುದೇ ಎಂಬುದು ಬೇರೆಯೇ ಪ್ರಶ್ನೆ.

ಪ್ರಕೃತ ವಿಚಾರವೆಂದರೆ ಈ ಯಂತ್ರವನ್ನೂ ಅದರೊಳಗೆ ಹಾಡು ತರುವ ಸೇವೆಗಳನ್ನೂ ಕುರಿತು ದಿನನಿತ್ಯ ಬಳಸುವ ಸಾಮಾನ್ಯರು ಏನು ಹೇಳುತ್ತಾರೆ ಎಂಬುದು. ತಯಾರಕರ ಜಾಹೀರಾತು ಒಂದು ಕಡೆ, ತಜ್ಞರ ವಿಮರ್ಶೆ ಇನ್ನೊಂದು ಕಡೆ. ಇವೆರಡರ ನಡುವೆ ಬಳಕೆದಾರನ ಮಾತಿಗೆ ಬೆಲೆಯುಂಟೆ ಎಂದು ಕೆಲವರು ಕೇಳಬಹುದು. ಭರತಮುನಿಯು ನಾಟ್ಯದ ಸಿದ್ಧಿಯನ್ನು ನಿರ್ಣಯಿಸುವ ಪ್ರಾಶ್ನಿಕರನ್ನು ಹೇಳುವಾಗ ಒಬ್ಬನನ್ನೇ ಎಲ್ಲಕ್ಕೂ ನ್ಯಾಯಾಧೀಶನನ್ನಾಗಿ ಕೂರಿಸಲಿಲ್ಲ. ಛಂದಸ್ಸಿಗೆ ಛಂದಸ್ಸನ್ನು ಬಲ್ಲವನು, ಶಬ್ದಕ್ಕೆ ವೈಯಾಕರಣ, ಬಾಣಪ್ರಯೋಗಕ್ಕೆ ಬಿಲ್ಲುಗಾರ, ಹೀಗೆ ಆಯಾ ವಿಷಯಕ್ಕೆ ಆಯಾ ಅನುಭವಿಯನ್ನು ಹೇಳಿದನು. ಕವಿರಾಜಮಾರ್ಗಕಾರನಂತೂ ಶಾಸ್ತ್ರಾಭ್ಯಾಸವಿಲ್ಲದ ನಾಡವರಲ್ಲಿಯೂ ಕಾವ್ಯವನ್ನು ತೂಗಿ ನೋಡುವ ಜಾಣ್ಮೆಯಿದೆಯೆಂದು 9ನೆಯ ಶತಮಾನದಲ್ಲಿಯೇ ಮೆಚ್ಚಿ ನುಡಿದನು. ಆ ಮರ್ಯಾದೆಯನ್ನು ಇಂದಿನ ಕೇಳುಗರಿಗೂ ಸಲ್ಲಿಸಿ ನೋಡಿದರೆ ಅನೇಕ ಸಂಗತಿಗಳು ತಿಳಿದುಬರುತ್ತವೆ.

ಇದಕ್ಕೆ ತೆಕ್ಕಟ್ಟೆಯಂಥ ಊರು ಯೋಗ್ಯವಾದ ನೆಲೆ. ಕುಂದಾಪುರ ತಾಲ್ಲೂಕಿನ ಈ ಊರು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕೋಟಕ್ಕೂ ಕುಂಭಾಶಿಗೂ ನಡುವೆ ಇದೆ. ಪಡುವಣಕ್ಕೆ ಕೊಮೆ-ಕೊರವಡಿಯ ಕಡಲು. ಮೂಡಣಕ್ಕೆ ಗದ್ದೆ ತೋಟಗಳು. ಮೀನುಗಾರಿಕೆಯವರು, ಬೇಸಾಯದವರು, ಬಸ್ಸಿನ ನಿರ್ವಾಹಕರು, ಬೆಂಗಳೂರು ಮುಂಬಯಿಗಳ ಹೋಟೆಲುಗಳಲ್ಲಿ ದುಡಿದು ಹಬ್ಬಕ್ಕೆ ಬರುವವರು, ಎಲ್ಲರೂ ಇಲ್ಲಿ ಕಲೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಇದು ಬಡಗುತಿಟ್ಟಿನ ಯಕ್ಷಗಾನದ ನಡುಮನೆ. ಕೊಮೆಯ ಯಶಸ್ವೀ ಕಲಾವೃಂದವು ಮಕ್ಕಳಿಗೆ ಯಕ್ಷಗಾನವನ್ನು ಕಲಿಸುತ್ತ ಬಂದಿದೆ. ಶಿವರಾಮ ಕಾರಂತರ ಜನ್ಮಸ್ಥಳವಾದ ಕೋಟ ಪಕ್ಕದಲ್ಲಿಯೇ ಇದೆ. ಇಂಥಲ್ಲಿ ಕೇಳುವವನ ಕಿವಿ ಸುಮ್ಮನೆ ಒಪ್ಪುವ ಕಿವಿಯಲ್ಲ. ಚಂಡೆಯ ಒಂದು ಪೆಟ್ಟು ತಪ್ಪಿದರೆ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಮುದುಕನೂ ಕಣ್ಣು ಬಿಡುತ್ತಾನೆ.

ಈ ಕಿವಿಗೆ ಯಂತ್ರದ ಪರಿಚಯ ಹೊಸದಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ತಾಳಮದ್ದಳೆಯ ಮಾತು ರೇಡಿಯೋದಲ್ಲಿ ಮನೆಮನೆಗೂ ಬಂದಿತು. ಅನಂತರ ಕ್ಯಾಸೆಟ್ಟಿನ ಕಾಲ. ಕನ್ನಡದ ಭಾವಗೀತೆಗೆ 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯು ದಾರಿ ತೆರೆದಂತೆ, ಕರಾವಳಿಯ ಯಕ್ಷಗಾನವನ್ನು ಕ್ಯಾಸೆಟ್ಟು ಟೆಂಟಿನಿಂದ ಹೊರಕ್ಕೆ ಕರೆತಂದು ಚಹಾದ ಅಂಗಡಿಗೂ ಬಸ್ಸಿಗೂ ಮುಟ್ಟಿಸಿತು. ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಮೂವತ್ತರ ಆಚೀಚೆಯ ಪ್ರಾಯದಲ್ಲಿಯೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಂದು ಅವರ ಪದ್ಯಗಳಿಗೆ ತಲೆದೂಗುವವರಲ್ಲಿ ಬಹುಮಂದಿ ಅವರನ್ನು ರಂಗಸ್ಥಳದಲ್ಲಿ ಕಂಡವರಲ್ಲ. ಮೊದಲು ಸುರುಳಿಯಲ್ಲಿ, ಈಗ ಫೋನಿನಲ್ಲಿ ಕೇಳಿದವರು. ಯಂತ್ರವಿಲ್ಲದಿದ್ದರೆ ಆ ಕಂಠವು ಮೂವತ್ತೈದು ವರ್ಷಗಳ ಹಿಂದೆಯೇ ಮೌನವಾಗುತ್ತಿತ್ತು. ದೋಷಗಳನ್ನು ಎಣಿಸುವ ಮೊದಲು ಇಷ್ಟು ಉಪಕಾರವನ್ನು ಸ್ಮರಿಸುವುದು ನ್ಯಾಯ.

ಇನ್ನು ಯಂತ್ರದ ಗುಣಾವಗುಣಗಳ ಕುರಿತು ಕೇಳಿಬರುವ ಮಾತು. ಪತ್ರಿಕೆಗಳ ಜಾಹೀರಾತು ಹೊಗಳುವುದು ಕ್ಯಾಮರಾವನ್ನು. ತೆಕ್ಕಟ್ಟೆಯ ಮೀನು ಪೇಟೆಯಲ್ಲಿ ಜನ ಆಡಿಕೊಳ್ಳುವುದು ಒದ್ದೆ ಕೈಯನ್ನು. “ಕೈ ಚಂಡಿ ಇದ್ರೆ ಈ ಫೋನ್ ಮಾತೇ ಕೇಂತಿಲ್ಲೆ ಮರಾಯ್ರೆ” ಎಂಬುದು ಜೂನ್ ತಿಂಗಳಿನಿಂದ ಸಪ್ಟೆಂಬರಿನವರೆಗಿನ ನಿತ್ಯದ ದೂರು. ಇದರಲ್ಲಿ ಅತಿಶಯೋಕ್ತಿ ಇಲ್ಲ. ಗಾಜಿನ ಪರದೆಯು ಬೆರಳಿನ ಒತ್ತಡವನ್ನು ಗ್ರಹಿಸುವುದಲ್ಲ, ಬೆರಳು ಸಮೀಪಿಸಿದಾಗ ಆಗುವ ವಿದ್ಯುದಾವೇಶದ ಅತ್ಯಲ್ಪ ವ್ಯತ್ಯಾಸವನ್ನು ಗ್ರಹಿಸುವುದು. ನೀರೂ ವಿದ್ಯುತ್ತಿಗೆ ದಾರಿ ಕೊಡುವ ವಸ್ತುವಾದುದರಿಂದ ಹನಿಯಾವುದು ಬೆರಳಾವುದು ಎಂದು ಪರದೆಗೆ ಭ್ರಮೆಯಾಗುತ್ತದೆ. ಹುಟ್ಟು ಹಿಡಿದು ಜಡ್ಡುಗಟ್ಟಿದ ಬೆರಳಿಗೆ ಅದು ಒಗ್ಗದಿರುವುದೂ ಇದೇ ಕಾರಣಕ್ಕೆ. ಹಳೆಯ ಗುಂಡಿಯ ಫೋನನ್ನು ಇಂದಿಗೂ ಬಿಡದ ಮೀನುಗಾರರನ್ನು ಹಿಂದುಳಿದವರೆಂದು ನಗುವವರುಂಟು. ಭರತನ ಪ್ರಾಶ್ನಿಕರ ಪಟ್ಟಿಯಲ್ಲಿ ನೀರಿನ ವಿಷಯಕ್ಕೆ ಒಬ್ಬನನ್ನು ಸೇರಿಸುವುದಾದರೆ ಅವರನ್ನೇ ಸೇರಿಸಬೇಕು. ಪೆಟ್ಟಿಗೆಯ ಮೇಲೆ ಐಪಿ 67 ಎಂದು ಅಚ್ಚಾಗಿರುವ ಅಂಕಿಯ ಅರ್ಥವನ್ನೂ ಅವರು ಅನುಭವದಿಂದ ಕಲಿತಿದ್ದಾರೆ. ಒಂದು ಮೀಟರು ಆಳದ ನೀರಿನಲ್ಲಿ ಮೂವತ್ತು ನಿಮಿಷ ಇಟ್ಟರೂ ಒಳಕ್ಕೆ ನೀರು ಹೋಗದೆಂಬ ಆ ಪರೀಕ್ಷೆ ಸಿಹಿನೀರಿನಲ್ಲಿ ನಡೆದುದು. ಕಡಲಿನ ಉಪ್ಪುನೀರು ಆ ಒಪ್ಪಂದಕ್ಕೆ ಸೇರಿದ್ದಲ್ಲ.

ಎರಡನೆಯ ದೂರು ಹೆಡ್‌ಫೋನಿನ ತೂತಿನದು. 3.5 ಮಿಲಿಮೀಟರಿನ ಆ ಸಣ್ಣ ರಂಧ್ರವು 19ನೆಯ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಕೆಯಲ್ಲಿದ್ದ ದಪ್ಪ ಕೀಲಿನ ಕಿರಿಯ ವಂಶಜ. 2016ರಲ್ಲಿ ಆ್ಯಪಲ್ ಸಂಸ್ಥೆಯು ಐಫೋನ್ 7ರಲ್ಲಿ ಅದನ್ನು ಕೈಬಿಟ್ಟಿತು. ಉಳಿದವರೂ ಬಹುಮಟ್ಟಿಗೆ ಹಿಂಬಾಲಿಸಿದರು. ತಂತಿಯ ಇಯರ್‌ಫೋನು ಅಗ್ಗ, ಅದಕ್ಕೆ ಚಾರ್ಜು ಬೇಡ, ಬಿದ್ದರೂ ಕೊರಳಿನಲ್ಲಿ ತೂಗಾಡುತ್ತದೆ ಎಂದು ಬಸ್ಸಿನಲ್ಲಿ ಓಡಾಡುವವರ ವಾದ. ಇದರ ಹಿಂದೆ ಇನ್ನೊಂದು ನಷ್ಟವೂ ಇದೆ. ಫೋನಿನೊಳಗಿನ ಎಫ್‌ಎಂ ರೇಡಿಯೋಗೆ ಆ ತಂತಿಯೇ ಆಂಟೆನಾ. ತಂತಿ ಹೋದಲ್ಲಿ ರೇಡಿಯೋವೂ ಹೋಯಿತು. ಮಳೆಗಾಳಿಗೆ ಕಂಬ ಉರುಳಿ, ಕರೆಂಟು ಇಲ್ಲದೆ, ಅಂತರ್ಜಾಲವೂ ಇಲ್ಲದಿರುವ ಆಷಾಢದ ರಾತ್ರಿಯಲ್ಲಿ ಹವಾಮಾನದ ಸೂಚನೆ ಕೇಳಲು ಉಳಿಯುವ ದಾರಿ ರೇಡಿಯೋ ಒಂದೇ ಎಂಬುದನ್ನು ಕರಾವಳಿಯವರು ಬಲ್ಲರು. 2023ರಲ್ಲಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು ಫೋನುಗಳಲ್ಲಿರುವ ಎಫ್‌ಎಂ ಗ್ರಾಹಕವನ್ನು ನಿಷ್ಕ್ರಿಯಗೊಳಿಸಬಾರದೆಂದು ತಯಾರಕರಿಗೆ ಸಲಹೆ ಕೊಟ್ಟಿತು. ಜನರ ಮಾತು ಅದಕ್ಕಿಂತ ಮೊದಲೇ ಅದಾಗಿತ್ತು.

ತಂತಿಯ ಬದಲಿಗೆ ಬಂದುದು ಬ್ಲೂಟೂತ್. 10ನೆಯ ಶತಮಾನದ ಡೆನ್ಮಾರ್ಕಿನ ಅರಸು ಹೆರಾಲ್ಡನ ಬಿರುದು ಅದು, ನೀಲಿಹಲ್ಲಿನವನೆಂದು ಅರ್ಥ. ಕನ್ನಡದಲ್ಲಿ ನೀಲದಂತವೆಂದು ಯಾರೂ ಕರೆಯದೆ ಬಿಟ್ಟುದು ಪುಣ್ಯ. ಇದರ ಮೇಲಿನ ಟೀಕೆ ಸೂಕ್ಷ್ಮವಾದುದು, ಯಕ್ಷಗಾನವನ್ನು ಕಲಿಯುವವರಿಂದಲೇ ಬರುವಂಥದು. ಧ್ವನಿಯನ್ನು ಅಂಕಿಗಳನ್ನಾಗಿ ಮಡಿಚಿ ಗಾಳಿಯಲ್ಲಿ ಕಳುಹಿಸಿ ಮತ್ತೆ ಬಿಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೆ ಕಾಲ ಕಳೆಯುವುದುಂಟು. ಮುದ್ರಿತವಾದ ಪದ್ಯವನ್ನು ಸುಮ್ಮನೆ ಕೇಳುವಾಗ ಇದರಿಂದ ಬಾಧಕವಿಲ್ಲ. ಹಾಡೂ ತಾಳವೂ ಜೊತೆಯಾಗಿಯೇ ತಡವಾಗಿ ಬರುತ್ತವೆ. ಆದರೆ 2020-21ರ ಕೊರೋನಾ ಕಾಲದಲ್ಲಿ ಗುರು ಒಂದು ಮನೆಯಲ್ಲಿಯೂ ಶಿಷ್ಯ ಇನ್ನೊಂದು ಮನೆಯಲ್ಲಿಯೂ ಕುಳಿತು ಪಾಠ ನಡೆಸಬೇಕಾಗಿ ಬಂದಾಗ ಸಂಗತಿ ಬಯಲಾಯಿತು. ಗುರು ಹಾಕಿದ ತಾಳ ಶಿಷ್ಯನನ್ನು ತಡವಾಗಿ ಮುಟ್ಟಿತು. ಶಿಷ್ಯನ ಹಾಡು ಗುರುವನ್ನು ಇನ್ನಷ್ಟು ತಡವಾಗಿ ಮುಟ್ಟಿತು. ಅಂತರ್ಜಾಲದ ವಿಳಂಬಕ್ಕೆ ಬ್ಲೂಟೂತಿನ ವಿಳಂಬವೂ ಸೇರಿ, ಸರಿಯಾಗಿ ಹಾಡಿದ ಹುಡುಗನೂ ತಾಳ ತಪ್ಪಿದವನಾಗಿ ಕಂಡನು. ತಂತಿ ಇದ್ದವರಿಗೆ ಅರ್ಧ ಕಷ್ಟವಾದರೂ ತಪ್ಪಿತು. ತಾಳವನ್ನು ಒಟ್ಟಿಗೆ ಕೂತು ಕಲಿಯಬೇಕೆಂಬ ಹಿರಿಯರ ಹಟಕ್ಕೆ ಹೀಗೊಂದು ಭೌತವಿಜ್ಞಾನದ ಆಧಾರವೂ ದೊರೆಯಿತು.

ಫೋನಿನ ಸ್ವಂತ ಧ್ವನಿವರ್ಧಕದಲ್ಲಿ ಚಂಡೆ ಕೇಳುತ್ತದೆ, ಮದ್ದಳೆ ಕೇಳುವುದಿಲ್ಲ ಎಂಬುದು ಇನ್ನೊಂದು ಅಭಿಪ್ರಾಯ. ಬೆರಳಗಲದ ಧ್ವನಿವರ್ಧಕವು ತಗ್ಗಿನ ನಾದಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ಆದ್ದರಿಂದ ಚಂಡೆಯ ತೀಕ್ಷ್ಣತೆ ಉಳಿದು ಮದ್ದಳೆಯ ಗಾಂಭೀರ್ಯ ಸೋರಿಹೋಗುತ್ತದೆ. ಅನೇಕರು ಫೋನನ್ನು ಖಾಲಿ ತಂಬಿಗೆಯೊಳಗೆ ನಿಲ್ಲಿಸಿ ಕೇಳುವರು. ಧ್ವನಿ ದೊಡ್ಡದಾಗುವುದು ನಿಜ, ಮದ್ದಳೆ ಹಿಂದಿರುಗುವುದಿಲ್ಲ.

ಹಾಡಿನ ಸೇವೆಗಳ ಇತಿಹಾಸ ದೀರ್ಘವಲ್ಲ. ಗಾನಾ 2010ರಲ್ಲಿ ಬಂದಿತು. 2016ರ ಸಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಕೇಳುಗನೂ ಇದರ ಗಿರಾಕಿಯಾದನು. 2018ರ ಕೊನೆಗೆ ಸಾವನ್ ಮತ್ತು ಜಿಯೋಮ್ಯೂಸಿಕ್ ಕೂಡಿ ಜಿಯೋಸಾವನ್ ಆಯಿತು. 2019ರಲ್ಲಿ ಸ್ವೀಡನ್ ದೇಶದ ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಭಾರತಕ್ಕೆ ಕಾಲಿಟ್ಟವು. 2021ರಲ್ಲಿ ಸ್ಪಾಟಿಫೈ ತನ್ನ ಆ್ಯಪಿನಲ್ಲಿ ಕನ್ನಡವನ್ನೂ ಅಳವಡಿಸಿತು.

ಇವುಗಳ ಮೇಲೆ ಜನರ ಮೊದಲ ಆಕ್ಷೇಪ ಜಾಹೀರಾತು. ಭಾಗವತರು ಶೋಕರಸದ ಪದ್ಯವನ್ನು ಏರಿಸಿ ನಿಲ್ಲಿಸಿದ ಕೂಡಲೇ ಮುಂದಿನ ಪದ್ಯಕ್ಕೆ ಮುಂಚೆ ಸಾಬೂನಿನ ಘೋಷಣೆ ಬರುವುದು ರಸಭಂಗಕ್ಕೆ ಪಠ್ಯಪುಸ್ತಕದ ಉದಾಹರಣೆ. ಹಣ ಕೊಟ್ಟರೆ ಅದು ನಿಲ್ಲುವುದೆಂಬುದು ಎಲ್ಲರಿಗೂ ಗೊತ್ತು. ಕೊಡಬೇಕೆ ಎಂಬಲ್ಲಿ ಮನೆಮನೆಯಲ್ಲಿ ಭಿನ್ನಾಭಿಪ್ರಾಯ. ಫೋನಿಗೆ ರೀಚಾರ್ಜು ಮಾಡಿಸುವಲ್ಲಿಯೇ ತಿಂಗಳೆಂದರೆ 28 ದಿನವೆಂದು ಲೆಕ್ಕ ಹಾಕಿ ವರ್ಷಕ್ಕೆ ಹದಿಮೂರು ತಿಂಗಳು ಮಾಡಿದ್ದನ್ನು ಜನ ಮರೆತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರಲ್ಲಿ, 30 ದಿನಗಳ ಒಂದು ಯೋಜನೆಯನ್ನಾದರೂ ಇಡಲೇಬೇಕೆಂದು ಆಜ್ಞಾಪಿಸಿದ್ದು ಇಂಥ ದೂರುಗಳ ಫಲವೇ.

ಆದರೆ ಜಾಹೀರಾತಿಗಿಂತಲೂ ಆಳವಾದ ಪ್ರಶ್ನೆ ಒಡೆತನದ್ದು. ದಕ್ಷಿಣ ಕನ್ನಡದ ರೈತಾಪಿ ಜನಕ್ಕೆ ಮೂಲಗೇಣಿ, ಚಾಲಗೇಣಿಗಳ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. ಮೂಲಗೇಣಿ ತಲೆಮಾರಿನಿಂದ ತಲೆಮಾರಿಗೆ ಬರುವಂಥದು. ಚಾಲಗೇಣಿಯಾದರೋ ಧಣಿಯ ಮರ್ಜಿ ಇರುವಷ್ಟು ದಿನ. ಕ್ಯಾಸೆಟ್ಟು ಕೊಂಡವನು ಹಾಡಿನ ಆ ಒಂದು ಪ್ರತಿಗೆ ಒಡೆಯನಾಗಿದ್ದ. ಭಾವನಿಗೆ ಕಡ ಕೊಡಬಹುದಾಗಿತ್ತು, ಮಗಳ ಜೊತೆ ಗಂಡನ ಮನೆಗೆ ಕಳುಹಿಸಬಹುದಾಗಿತ್ತು. ಸೇವೆಗೆ ಚಂದಾ ಕಟ್ಟುವವನು ಹಾಡಿನ ಚಾಲಗೇಣಿದಾರ. ಫೋನಿಗೆ ಇಳಿಸಿಕೊಂಡ ಹಾಡೂ ಅವನದಲ್ಲ. ಸ್ಪಾಟಿಫೈಯಲ್ಲಿ ಹಾಗೆ ಇಳಿಸಿದ ಹಾಡು ಉಳಿಯಬೇಕಾದರೆ ಮೂವತ್ತು ದಿನಗಳಿಗೊಮ್ಮೆಯಾದರೂ ಅಂತರ್ಜಾಲಕ್ಕೆ ಮುಖ ತೋರಿಸಬೇಕು. ಗಾನಾ 2022ರಲ್ಲಿ ಉಚಿತ ಶ್ರವಣವನ್ನು ನಿಲ್ಲಿಸಿತು. ರೆಸ್ಸೋ 2024ರ ಜನವರಿಯಲ್ಲಿ ಭಾರತದಲ್ಲಿ ಮುಚ್ಚಿತು. ಏರ್‌ಟೆಲಿನ ವಿಂಕ್ 2014ರಲ್ಲಿ ಹುಟ್ಟಿ 2024ರಲ್ಲಿ ಮುಕ್ತಾಯ ಕಂಡಿತು. ಇಂಥಲ್ಲೆಲ್ಲ ಹತ್ತು ವರ್ಷ ಆರಿಸಿ ಜೋಡಿಸಿದ ಹಾಡಿನ ಪಟ್ಟಿಗಳು ಒಕ್ಕಲೆದ್ದ ಮನೆಯಂತಾದವು.

ಅಂಗಡಿ ತೆರೆದೇ ಇದ್ದಾಗಲೂ ಒಂದು ಹಾಡು ಮಾತ್ರ ಮಾಯವಾಗಬಹುದೆಂಬುದನ್ನು ಕುಂದಾಪುರದ ಕಡೆಯವರು 2022ರಲ್ಲಿ ಪ್ರತ್ಯಕ್ಷ ಕಂಡರು. ಕುಂದಾಪುರ ಸೀಮೆಯ ಕೆರಾಡಿಯವರಾದ ರಿಷಬ್ ಶೆಟ್ಟಿಯವರ ‘ಕಾಂತಾರ’ ಚಿತ್ರವು ಆ ವರ್ಷದ ಸಪ್ಟೆಂಬರ್ 30ರಂದು ತೆರೆಗೆ ಬಂದಿತು. ಅದರ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಕೃತಿಯನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ವಾದ್ಯವೃಂದದವರು ಕೋಳಿಕ್ಕೋಡಿನ ನ್ಯಾಯಾಲಯದ ಮೊರೆಹೊಕ್ಕು ತಡೆಯಾಜ್ಞೆ ಪಡೆದರು. ಹಾಡು ಸೇವೆಗಳಿಂದ ಇಳಿಯಿತು. ಚಿತ್ರವು ಮನೆಯ ಪರದೆಗೆ ಬಂದಾಗ ಅದೇ ಜಾಗದಲ್ಲಿ ಬೇರೆ ಸ್ವರಯೋಜನೆ ಕೇಳಿಸಿತು. ತಡೆ ತೆರವಾದ ಮೇಲೆ ಹಾಡು ಮರಳಿತು. ವ್ಯಾಜ್ಯದ ನ್ಯಾಯಾನ್ಯಾಯ ಇಲ್ಲಿ ವಿಚಾರ್ಯವಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಇಂಥ ಆಜ್ಞೆ ಬಂದಿದ್ದರೆ ಅಂಗಡಿಯ ಕಪಾಟು ಖಾಲಿಯಾಗುತ್ತಿತ್ತೇ ವಿನಾ ಕೊಂಡವನ ಮನೆಯ ಪೆಟ್ಟಿಗೆಗೆ ಯಾರೂ ಕೈಹಾಕುತ್ತಿರಲಿಲ್ಲ ಎಂಬಷ್ಟು ಸಂಗತಿಯನ್ನು ಗಮನಿಸಿದರೆ ಸಾಕು. ಹಾಗೆ ನೋಡಿದರೆ ಇಲ್ಲಿ ಜಂಗಮವಾದುದು ವಾಣಿಯಲ್ಲ, ಸ್ವತ್ತು.

ಕ್ರಮದ ವಿಚಾರದಲ್ಲಿಯೂ ಬಳಕೆದಾರರ ಮಾತು ಕೇಳತಕ್ಕದ್ದು. ಪ್ರಸಂಗವೊಂದನ್ನು ಹದಿನೈದು ಇಪ್ಪತ್ತು ತುಂಡುಗಳನ್ನಾಗಿ ಮಾಡಿ ಏರಿಸಿರುತ್ತಾರೆ. ಸೇವೆಗಳ ‘ಶಫಲ್’ ಗುಂಡಿಯು ಇಸ್ಪೀಟಿನ ಎಲೆಯಂತೆ ಅವನ್ನು ಕಲಸುತ್ತದೆ. ಆಗ ಅಭಿಮನ್ಯುವು ಚಕ್ರವ್ಯೂಹದಲ್ಲಿ ಮಡಿದ ಮೇಲೆ ಸುಭದ್ರೆಯ ಬಳಿಗೆ ಬಂದು ಅಪ್ಪಣೆ ಬೇಡುತ್ತಾನೆ. ಇದು ಯಕ್ಷಗಾನದವರ ಗೋಳು ಮಾತ್ರವೆಂದು ತಿಳಿಯಬಾರದು. ಇಂಗ್ಲೆಂಡಿನ ಗಾಯಕಿ ಅಡೆಲ್ 2021ರ ನವೆಂಬರಿನಲ್ಲಿ ತಮ್ಮ ಹೊಸ ಗೀತಗುಚ್ಛ ಬಂದಾಗ, ಹಾಡುಗಳ ಕ್ರಮವನ್ನು ಯೋಚಿಸಿಯೇ ಇಟ್ಟಿರುತ್ತೇವೆಂದು ಹೇಳಿ, ಗೀತಗುಚ್ಛದ ಪುಟದಲ್ಲಿ ಮೊದಲು ಕಾಣುತ್ತಿದ್ದ ಆ ಗುಂಡಿಯನ್ನು ಸ್ಪಾಟಿಫೈ ಸರಿಸುವಂತೆ ಮಾಡಿದರು. ಲಂಡನ್ನಿನ ಗಾಯಕಿಗೂ ತೆಕ್ಕಟ್ಟೆಯ ಕೇಳುಗನಿಗೂ ಕಥೆಯ ಪೌರ್ವಾಪರ್ಯ ಒಂದೇ.

ಧ್ವನಿಯ ಗುಣಮಟ್ಟದ ಬಗ್ಗೆ ಒಂದು ಲೆಕ್ಕ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆಯುವರು; ಎರಡು ಕಿವಿಗೂ ಸೇರಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಸೇವೆಗಳು ಕೊಡುವುದು ಡೇಟಾ ಉಳಿಸುವ ಮಟ್ಟದಲ್ಲಿ 24, ಸಾಮಾನ್ಯದಲ್ಲಿ 96, ಉತ್ತಮದಲ್ಲಿ 320 ಕಿಲೋಬಿಟ್ ಎಂಬ ಪ್ರಮಾಣದಲ್ಲಿ. ಎಂಟು ಗಂಟೆಯ ಇಡೀ ರಾತ್ರಿಯ ಆಟವನ್ನು 96ರ ಮಟ್ಟದಲ್ಲಿ ಕೇಳಿದರೆ ಸುಮಾರು 346 ಮೆಗಾಬೈಟು, 320ರಲ್ಲಿ ಕೇಳಿದರೆ 1,152 ಮೆಗಾಬೈಟು ವ್ಯಯವಾಗುತ್ತದೆ. ದೊಡ್ಡ ಧ್ವನಿಯ ಮಗ್ಗುಲಿನ ಸಣ್ಣ ಧ್ವನಿಯನ್ನು ಕಿವಿ ಹೇಗೂ ಗ್ರಹಿಸದೆಂಬ ತತ್ತ್ವವನ್ನು ಹಿಡಿದು ಅದನ್ನು ತೆಗೆದುಬಿಡುವುದು ಈ ಸಂಕ್ಷೇಪದ ಗುಟ್ಟು. ಕೊಳಲಿಗೆ ಇದು ನಡೆಯುತ್ತದೆ. ಥಟ್ಟನೆ ಸಿಡಿಯುವ ಪೆಟ್ಟಿಗೆ ನಡೆಯುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಪೆಟ್ಟಿಗೆ ಮುಂಚೆಯೇ ಅದರ ಮಬ್ಬು ನೆರಳೊಂದು ಕೇಳಿಸುತ್ತದೆ. ಪಾಶ್ಚಾತ್ಯ ವಿಜ್ಞಾನಿಗಳು ಈ ದೋಷವನ್ನು ಪರೀಕ್ಷಿಸಲು ಸ್ಪೇನಿನ ಕೈತಾಳದ ಮರದ ಚಿಪ್ಪುಗಳ ಶಬ್ದವನ್ನು ಬಳಸಿದರು. ಅವರ ಕೈಗೆ ಚಂಡೆ ಸಿಕ್ಕಿದ್ದರೆ ಇನ್ನೂ ಬೇಗ ಸಿಕ್ಕಿಬೀಳುತ್ತಿತ್ತು. “ಚಂಡೆ ಪೆಟ್ಟು ಹೊಗೆ ಹಿಡ್ದಾಂಗ್ ಕೇಂತ್” ಎಂದು ಕೇಳುಗನೊಬ್ಬ ಹೇಳಿದರೆ ಅವನು ಈ ಶಾಸ್ತ್ರವನ್ನೆಲ್ಲ ಓದದೆಯೇ ಅದರ ನಿಷ್ಕರ್ಷೆಯನ್ನು ಹೇಳಿದಂತಾಯಿತು.

ಇನ್ನು ಎಲ್ಲಕ್ಕಿಂತ ಗುರುತರವಾದ ವಿಷಯ, ಹೆಸರು.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯು ಗ್ರಾಮಫೋನಿಗಾಗಿ ಹಾಡಿದಾಗ, ಮೂರು ನಿಮಿಷದ ಹಾಡು ಮುಗಿಯುತ್ತಲೂ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಉಚ್ಚರಿಸಿದಳು. ತಟ್ಟೆಯ ಅಚ್ಚು ಜರ್ಮನಿಯ ಹ್ಯಾನೋವರಿನಲ್ಲಿ ಆಗಬೇಕಾಗಿತ್ತು. ಅಲ್ಲಿಯವರಿಗೆ ಹಾಡಿದವರಾರೆಂದು ತಿಳಿಯಲೆಂದು ಆ ಉಪಾಯ. ನಮ್ಮಲ್ಲಿ ಈ ಉಪಾಯ ಬಹು ಪುರಾತನ. ವಚನಕಾರರು ವಚನದ ಕೊನೆಯಲ್ಲಿ ಅಂಕಿತವನ್ನಿಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಹರಿದಾಸರ ಕೀರ್ತನೆಗೂ ಅಂಕಿತವುಂಟು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳಲ್ಲಿ ಕಣ್ವಪುರದ ಕೃಷ್ಣನ ಸ್ತುತಿ ಬರುತ್ತದೆ. ಓಲೆಗರಿ ಹರಿದರೂ ಹಾಡುವ ಬಾಯಿ ಬದಲಾದರೂ ಕರ್ತೃವಿನ ಗುರುತು ಪದ್ಯದ ಒಡಲಿನಲ್ಲಿಯೇ ಉಳಿಯಿತು.

ಸೇವೆಗಳ ಕಡತದಲ್ಲಿ ಹೆಸರಿಗೆ ಇರುವ ಮುಖ್ಯವಾದ ಅಂಕಣ ಕಲಾವಿದನದು. ಅದು ಚಲನಚಿತ್ರದ ಹಾಡಿಗಾಗಿ, ಪಾಶ್ಚಾತ್ಯ ಗೀತಗುಚ್ಛಕ್ಕಾಗಿ ಹೊಲಿದ ಅಂಗಿ. ಯಕ್ಷಗಾನಕ್ಕೆ ತೊಡಿಸಿದರೆ ತೋಳು ಸಾಲದು. ಭಾಗವತರಾರು, ಮದ್ದಳೆಯವರಾರು, ಚಂಡೆಯವರಾರು, ಪ್ರಸಂಗದ ಹೆಸರೇನು, ಕವಿ ಯಾರು, ಮೇಳ ಯಾವುದು, ಅರ್ಥ ಹೇಳಿದವರಾರು ಎಂಬ ಏಳು ಪ್ರಶ್ನೆಗಳಿಗೆ ಅಲ್ಲಿ ಹಲವು ಸಲ ಸಿಗುವ ಉತ್ತರ ಒಂದೇ ಹೆಸರು. ಅದೂ ಅನೇಕ ವೇಳೆ ಧ್ವನಿಮುದ್ರಿಕೆ ಹೊರತಂದವರದು. ವಚನ ಸಂಗೀತದ ಗತಿಯೂ ಇದೇ. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಸಿದ್ಧರಾಮ ಜಂಬಲದಿನ್ನಿಯವರೂ ಹಾಡಿದ ವಚನಗಳನ್ನು ಈ ಸೇವೆಗಳಲ್ಲಿ ಹುಡುಕುವವನು ಗಾಯಕನ ಹೆಸರನ್ನು ಹಿಡಿದು ಹೋಗಬೇಕು. ಅಕ್ಕನ ವಚನಗಳನ್ನೆಲ್ಲ ಒಂದೆಡೆ ಕೇಳಬೇಕೆಂದು ಬಯಸಿದ ಅಧ್ಯಾಪಿಕೆಗೆ ಅಂಥ ಬಾಗಿಲು ಸುಲಭವಾಗಿ ಸಿಗದು. ಕಿವಿಗೊಟ್ಟು ಕೇಳಿದರೆ ಪ್ರತಿ ಹಾಡಿನ ಕೊನೆಯಲ್ಲಿಯೂ ಕರ್ತೃವಿನ ಗುರುತು ಸ್ಪಷ್ಟವಾಗಿ ನುಡಿಯುತ್ತಿರುವಾಗ, ಪರದೆಯು ಅದನ್ನು ಬಲ್ಲೆನೆನ್ನದು. ಪರದೆಯ ಮೇಲೆ ಸಾಹಿತ್ಯವನ್ನು ತೋರಿಸುವ ಸೌಲಭ್ಯವಿರುವಲ್ಲಿಯೂ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿ, ಳಕಾರವು ಲಕಾರವಾಗಿ ಬರುವುದನ್ನು ಕಾಣಬಹುದು. ಮಕ್ಕಳು ಅದನ್ನೇ ನೋಡಿ ಬಾಯಿಪಾಠ ಮಾಡುವ ಕಾಲವಿದು.

ಹುಡುಕುವ ಬಗೆಯೂ ತೊಡಕಿನದೇ. ಕನ್ನಡ ಲಿಪಿಯು 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸೇರಿದ್ದರೂ ಹಾಡುಗಳ ಹೆಸರು ಬಹುಪಾಲು ರೋಮನ್ ಲಿಪಿಯಲ್ಲಿಯೇ ನಮೂದಾಗಿವೆ. ಕಾಳಿಂಗ ನಾವಡ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಎರಡು ದೀರ್ಘಗಳಿವೆ, ಒಂದೊಂದನ್ನೂ ಒಂದಕ್ಷರದಿಂದಲೋ ಎರಡಕ್ಷರದಿಂದಲೋ ಬರೆಯಬಹುದು. ವಕಾರಕ್ಕೆ ರೋಮನ್ನಿನಲ್ಲಿ ಎರಡು ಅಕ್ಷರಗಳು ಸಲ್ಲುತ್ತವೆ. ಅಲ್ಲಿಗೇ ಎಂಟು ರೂಪಗಳಾದವು. ಯಂತ್ರವು ಸಮೀಪದ ಕಾಗುಣಿತವನ್ನು ಊಹಿಸಬಲ್ಲುದಾದರೂ ಎಲ್ಲ ರೂಪಗಳೂ ಒಬ್ಬನೇ ವ್ಯಕ್ತಿಯವೆಂದು ಅದಕ್ಕೆ ಹೇಳಿಕೊಟ್ಟವರಿಲ್ಲದಿದ್ದರೆ ಒಬ್ಬ ಭಾಗವತರು ನಾಲ್ವರು ಕಲಾವಿದರಾಗಿ ಹಂಚಿಹೋಗುತ್ತಾರೆ.

ಹಂಚಿಹೋಗುವುದರಿಂದ ಆಗುವ ನಷ್ಟ ಕೀರ್ತಿಯದು ಮಾತ್ರವಲ್ಲ, ಹಣದ್ದೂ ಹೌದು. ಸ್ಪಾಟಿಫೈಯಲ್ಲಿ ಹಾಡೊಂದನ್ನು ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ ಲೆಕ್ಕ. 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿಗೆ ಆ ಸಂಸ್ಥೆಯು ರಾಯಧನದ ಪಾಲು ಕೊಡುವುದಿಲ್ಲ. ಕೋಟಿಗಟ್ಟಲೆ ಕೇಳುಗರಿರುವ ಚಿತ್ರಗೀತೆಗೆ ಇದು ಲೆಕ್ಕಕ್ಕಿಲ್ಲ. ಕುಂದಗನ್ನಡದಲ್ಲಿ ಹಾಡು ಕಟ್ಟುವ ಯುವಕನಿಗೆ, ಅಪರೂಪದ ಪ್ರಸಂಗದ ಪದ್ಯಗಳನ್ನು ಮುದ್ರಿಸಿಟ್ಟ ಹಿರಿಯ ಭಾಗವತರಿಗೆ, ಊರ ಭಜನಾ ಮಂಡಳಿಗೆ ಆ ಸಾವಿರವೇ ಹೊಸಿಲು. ಮೂವತ್ತು ಸೆಕೆಂಡಿನ ಲೆಕ್ಕಕ್ಕೆ ಹೊಂದುವಂತೆ ಪೀಠಿಕೆಯನ್ನು ಮೊಟಕು ಮಾಡಿ ಪಲ್ಲವಿಯನ್ನು ಮುಂದಕ್ಕೆ ತರುವ ಪದ್ಧತಿ ಜಗತ್ತಿನ ಜನಪ್ರಿಯ ಸಂಗೀತದಲ್ಲಿ ಆಗಲೇ ಕಂಡುಬಂದಿದೆ. ಶ್ರುತಿ ಹಿಡಿದು ರಾಗದ ನೆರಳು ತೋರಿಸುವಷ್ಟರಲ್ಲಿಯೇ ಅರ್ಧ ನಿಮಿಷ ಕಳೆಯುವ ಭಾಗವತಿಕೆಯು ಇದಕ್ಕೆ ಹೇಗೆ ಬಗ್ಗೀತು?

ಕಿವಿಯ ಆರೋಗ್ಯವನ್ನು ಕುರಿತು ಅಧ್ಯಾಪಕರು ತಿಳಿದಿರಬೇಕಾದ ಅಳತೆ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗಾದರೆ 75 ಡೆಸಿಬೆಲ್ ಮಟ್ಟದಲ್ಲಿ ಅಷ್ಟೇ ಕಾಲ ಮಿತಿ. ಧ್ವನಿ ಮೂರು ಡೆಸಿಬೆಲ್ ಏರಿದರೆ ಕಾಲ ಅರ್ಧಕ್ಕಿಳಿಯಬೇಕು. ಫೋನು ಕೊಡುವ ಎಚ್ಚರಿಕೆಯನ್ನು ಒಪ್ಪಿಗೆಯೆಂದು ಒತ್ತಿ ದಾಟುವುದೇ ಸರ್ವತ್ರ ರೂಢಿ.

ಇಷ್ಟೆಲ್ಲ ಆಕ್ಷೇಪಗಳ ನಡುವೆಯೂ ಫೋನು ಬೇಡವೆನ್ನುವವರು ತೆಕ್ಕಟ್ಟೆಯಲ್ಲಿ ಸಿಗುವುದು ದುರ್ಲಭ. ಮುಂಬಯಿಯ ಹೋಟೆಲಿನ ಅಡುಗೆಮನೆಯಲ್ಲಿ ನಡುರಾತ್ರಿ ಪಾತ್ರೆ ತೊಳೆಯುವವನು ಊರಿನ ಆಟವನ್ನು ಅದೇ ಹೊತ್ತಿಗೆ ಯೂಟ್ಯೂಬಿನಲ್ಲಿ ಕಾಣಬಲ್ಲನು. ಕಣ್ಣು ಮಂಜಾದ ಅಜ್ಜಿಗೆ ಅಕ್ಷರ ದೊಡ್ಡದಾಗಿಸುವ ಸೌಲಭ್ಯವಿದೆ. ಅದೂ ಸಾಲದಾದರೆ ಬಾಯಲ್ಲಿ ಕೇಳಿದರೆ ಹಾಡು ಬರುತ್ತದೆ. ಆ ಯಂತ್ರಕ್ಕೆ ಕುಂದಾಪುರದ ಕನ್ನಡ ಇನ್ನೂ ಪೂರ್ತಿ ತಿಳಿಯದೆ ಅಜ್ಜಿಯು ಅದರೊಡನೆ ಮಾತ್ರ ಪುಸ್ತಕದ ಕನ್ನಡದಲ್ಲಿ ಮಾತನಾಡುವಳೆಂಬುದು ಮನೆಯವರ ವಿನೋದ.

ಈ ಸೀಮೆಯ ಅನೇಕ ಮನೆಗಳ ಅಟ್ಟದಲ್ಲಿ ಇನ್ನೊಂದು ಭಂಡಾರವಿದೆ. 1980ರ ದಶಕದಲ್ಲಿ ಹವ್ಯಾಸಿಗಳು ಟೇಪ್‌ರೆಕಾರ್ಡರನ್ನು ರಂಗಸ್ಥಳದ ಪಕ್ಕದಲ್ಲಿಟ್ಟು ತಾವೇ ಮುದ್ರಿಸಿಕೊಂಡ ಬಯಲಾಟಗಳ ಕ್ಯಾಸೆಟ್ಟುಗಳು. ಯಾವ ಸೇವೆಯ ಕಡತದಲ್ಲಿಯೂ ಅವು ಇಲ್ಲ. ಕರಾವಳಿಯ ತೇವಕ್ಕೆ ಸುರುಳಿಗೆ ಬೂಸಲು ಹಿಡಿಯುತ್ತದೆ, ಲೇಪ ಕಳಚುತ್ತದೆ. ತೊಂಬತ್ತು ನಿಮಿಷದ ಸುರುಳಿಯನ್ನು ಅಂಕಿಯ ರೂಪಕ್ಕೆ ತರಲು ತೊಂಬತ್ತು ನಿಮಿಷ ಕೂತು ಓಡಿಸಲೇಬೇಕು, ಅಡ್ಡದಾರಿಯಿಲ್ಲ. ಓಡಿಸುವಾಗ ಭಾಗವತರ, ಹಿಮ್ಮೇಳದವರ, ಪ್ರಸಂಗದ, ಕವಿಯ, ಊರಿನ ಹೆಸರನ್ನೂ ದಿನಾಂಕವನ್ನೂ ಕನ್ನಡದಲ್ಲಿಯೂ ರೋಮನ್ನಿನಲ್ಲಿಯೂ ಕಡತದ ಜೊತೆಗೇ ಬರೆದಿಟ್ಟರೆ, ಮುಂದೆ ಯಾವ ಸೇವೆ ಹುಟ್ಟಿದರೂ ಮುಚ್ಚಿದರೂ ಗುರುತು ಉಳಿಯುತ್ತದೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಿಂದ ಬರೆದ ಸಾಲು ಅನೇಕ ಕಡೆ ಮಾಸಿಹೋಗಿದೆ. ಎರಡು ಪದ್ಯ ಕೇಳಿದರೆ ಸಾಕು, ಹಾಡಿದವರಾರು, ಮದ್ದಳೆ ಯಾರದು, ಆ ರಾತ್ರಿ ಆಟ ಯಾವ ಗದ್ದೆಯಲ್ಲಿತ್ತು ಎಂದು ಹೇಳಬಲ್ಲ ಹಿರಿಯರು ತೆಕ್ಕಟ್ಟೆ, ಕೊಮೆ, ಕೋಟಗಳಲ್ಲಿ ಇನ್ನೂ ಕೆಲವರಿದ್ದಾರೆ.